ಉಗುರಿನ ಹದ

ಮೊಗ್ಗಿಗೆ ಸುತ್ತಿದ್ದ ಕೆಂಪು ಕಾಗದ ಬಿಚ್ಚಿ ಜಗದೀಶ ಒಳಗೆ ಬೆರಳಾಡಿಸಿದ. ಬೆರಳ ತುದಿಗೆ ಹಳದಿ ಪುಡಿ ಹತ್ತಿತು. ಪಕ್ಕದ ಗಿಡದ್ದೂ ಬಿಚ್ಚಿದ. ಅಲ್ಲಿಯೂ ಹಳದಿ. ಬೀಜದ ಕಂಪನಿಯ ಸೂಪರ್‌ವೈಸರ್ ಅವನು, ಹೆಚ್ಚು ಮಾತಾಡುವವನಲ್ಲ.

"ಇದು ಯಾರ ಸಾಲ್ರಿ, ಕರೆವ್ವಕ್ಕ?"

ಕರೆವ್ವನಿಗೆ ನೋಡದೆಯೇ ಗೊತ್ತಿತ್ತು. ಮೂರನೆಯ ಸಾಲು, ಸುಜಾತಾಳದು. ಹಿರೇಕೆರೂರಿನಿಂದ ಈ ಹತ್ತಿ ಹೊಲಕ್ಕೆ ಟಂಟಂ ರಿಕ್ಷಾದಲ್ಲಿ ಬರುವ ಹದಿನೆಂಟು ಹೆಣ್ಣಾಳುಗಳಿಗೆ ಕರೆವ್ವನೇ ಮುಂದಾಳು. ಕೆಲಸ ಹೇಳಲು ಸುಲಭ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಹಿಡಿದು, ಬುಡಕ್ಕೆ ಹೆಬ್ಬೆರಳ ಉಗುರು ಹಾಕಿ, ಎಸಳನ್ನೂ ಹಳದಿ ಕೇಸರವನ್ನೂ ಒಂದೇ ಸುತ್ತಿಗೆ ಕಿತ್ತು, ನಡುವಿನ ಬಿಳಿ ಕಡ್ಡಿಯನ್ನಷ್ಟೇ ಉಳಿಸಿ ಕಾಗದ ಸುತ್ತಬೇಕು. ಬೆಳಿಗ್ಗೆ ಬೇರೆ ತಳಿಯ ಗಂಡು ಹೂ ತಂದು ಅದಕ್ಕೆ ಮುಟ್ಟಿಸಬೇಕು. ಉಗುರು ಬಿರುಸಾದರೆ ಕಡ್ಡಿ ಮುರಿದು ಮೊಗ್ಗು ಉದುರುತ್ತದೆ. ಮೆತ್ತಗಾದರೆ ಹಳದಿ ಉಳಿದು, ಅದರ ಪುಡಿಯೇ ಕಡ್ಡಿಗೆ ತಗುಲಿ ಬೀಜ ಕೆಡುತ್ತದೆ.

ಸುಜಾತಾಳ ಉಗುರು ಮೆತ್ತಗೆ. ಕರೆವ್ವನಿಗೆ ಅದು ಮೊದಲ ದಿನವೇ ಕಂಡಿತ್ತು. ಆದರೆ ಹುಡುಗಿ ಕುಡುಕ ಗಂಡನನ್ನು ಬಿಟ್ಟು, ಎರಡು ವರ್ಷದ ಕೂಸನ್ನು ಕಟ್ಟಿಕೊಂಡು ಪ್ರಾರ್ಥನಾ ಮಂದಿರದ ಹಿಂದಿನ ಖೋಲಿಯಲ್ಲಿ ಇದ್ದಾಳೆ. ಕೂಸಿನ ಹಾಲೂ ಈ ಕೆಲಸದಿಂದಲೇ ಬರಬೇಕು. ಅಂಥವಳನ್ನು ಬೈಯುವುದು ಹೇಗೆ? ಸಂಜೆ ಉಳಿದವರು ಬುತ್ತಿಗಂಟು ಕಟ್ಟುವಾಗ ಕರೆವ್ವ ಒಬ್ಬಳೇ ಆ ಸಾಲಿಗೆ ಹೋಗಿ, ಒಂದೊಂದೇ ಕಾಗದ ಬಿಚ್ಚಿ ತಿದ್ದಿ ಬರುತ್ತಿದ್ದಳು. ಬಂದು, "ಛಲೋ ಮಾಡೀ, ತಂಗಿ" ಅನ್ನುತ್ತಿದ್ದಳು. ಇಪ್ಪತ್ತು ದಿನ ಹೀಗೇ ನಡೆಯಿತು. ನಿನ್ನೆ ಪ್ರಾರ್ಥನಾ ಮಂದಿರದ ಸಭೆಯಲ್ಲಿ ಉಪವಾಸ ಪ್ರಾರ್ಥನೆ; ಕರೆವ್ವ ತಿದ್ದದೆಯೇ ಬೇಗ ಹೋಗಿದ್ದಳು.

ಬೈಯುವುದೇನೂ ಅವಳಿಗೆ ಬರದ ವಿದ್ಯೆಯಲ್ಲ. ಎರಡು ವರ್ಷದ ಕೆಳಗೆ ಇಂಥದೇ ಹೊಲದಲ್ಲಿ, ಇಂಥದೇ ತಪ್ಪಿಗೆ, ಸ್ವಂತ ಮಗಳು ಎಸ್ತೇರಳ ಕೈ ಮೇಲೆ ಎಲ್ಲರೆದುರು ಹೊಡೆದು, "ಈ ಕೈ ಉಣ್ಣಾಕಷ್ಟ ಏನು?" ಎಂದಿದ್ದಳು. ಮಗಳು ಮರುದಿನವೇ ಬಂಕಾಪುರದ ಸೋದರತ್ತೆಯ ಮನೆ ಸೇರಿದಳು. ಎರಡು ಕ್ರಿಸ್‌ಮಸ್ ಹೋದವು, ಬರಲಿಲ್ಲ. ಕರೆವ್ವ ಮೊಣಕಾಲೂರಿ ಯೇಸುಸ್ವಾಮಿಗೆ ಮಾತು ಕೊಟ್ಟಿದ್ದಳು, ಇನ್ನು ತನ್ನ ನಾಲಿಗೆಯಿಂದ ಯಾರಿಗೂ ನೋವಾಗದು ಎಂದು.

"ನನ್ನ ಸಾಲ್ರೀ," ಎಂದು ಸುಜಾತಾ ತಾನಾಗಿಯೇ ಮುಂದೆ ಬಂದಳು.

"ಈ ಸಾಲಿನ ಮೊಗ್ಗೆಲ್ಲಾ ಕಿತ್ತು ಒಗೀರಿ," ಎಂದ ಜಗದೀಶ. "ನೀವು ನಾಳಿಂದ ಬರೂದು ಬ್ಯಾಡ್ರಿ, ತಂಗಿ."

"ತಪ್ಪು ನಂದ್ರಿ, ಸಾಹೇಬ್ರ," ಕರೆವ್ವ ಅಡ್ಡ ಬಂದಳು. "ನಾ ದಿನಾ ತಿದ್ದತಿದ್ದೆ. ನಿನ್ನೆ ಒಂದಿನ ತಪ್ಪತು."

"ದಿನಾ ನೀವ ತಿದ್ದಿದ್ರ, ಇಕಿ ಏನು ಕಲ್ತಂಗಾತ್ರಿ?" ಅವನು ಮುಂದಿನ ಸಾಲಿಗೆ ಹೋದ.

ಸುಜಾತಾ ಕರೆವ್ವನ ಮುಖವನ್ನೇ ನೋಡಿದಳು. "ದಿನಾ ತಿದ್ದತಿದ್ರೇನು, ಅಕ್ಕಾರ?"

"ಹೂಂ."

"ಮತ್ತ ಛಲೋ ಮಾಡೀ ಅಂತಿದ್ರಿ."

"ನಿನಗ ನೋವಾದೀತಂತ..."

"ನೋವು ನನಗೇನು ಹೊಸಾದ್ರೀ? ಒಂದು ಮಾತು ಹೇಳಿದ್ರ ಸಾಯ್ತಿದ್ನೇನು?"

ಕರೆವ್ವ ಅವಳ ರಟ್ಟೆ ಹಿಡಿದು ಹೊಲದಂಚಿನ ಗಿಡಕ್ಕೆ ಕರೆದೊಯ್ದಳು. ಹುಡುಗಿಯ ಹೆಬ್ಬೆರಳನ್ನು ತನ್ನ ಬೆರಳಿನಡಿ ಇಟ್ಟು ಮೊಗ್ಗಿನ ಬುಡಕ್ಕೆ ತಂದಳು.

"ಒತ್ತು. ಅಂಜಬ್ಯಾಡ. ತಿರುವು." ಕಡ್ಡಿ ಮುರಿಯಿತು. "ಮುರದಿ. ಸಿಟ್ಟಿನ ಕೈ ಬ್ಯಾಡ. ಇನ್ನೊಂದು ಹಿಡಿ."

ಎರಡನೆಯದರಲ್ಲಿ ಹಳದಿ ಉಳಿಯಿತು. "ಉಳೀತು ನೋಡು. ನೆಟ್ಟಗಾಗಲಿಲ್ಲ." ಮೂರನೆಯದರಲ್ಲೂ ಎಳ್ಳಿನಷ್ಟು ಉಳಿಯಿತು. ಕರೆವ್ವ ಅದನ್ನೂ ತೋರಿಸಿದಳು. ನಾಲ್ಕನೆಯದಕ್ಕೆ ತನ್ನ ಕೈ ತೆಗೆದುಕೊಂಡಳು. ಸುಜಾತಾ ಒಬ್ಬಳೇ ಉಗುರು ಹಾಕಿ ತಿರುವಿದಳು. ಎಸಳು, ಕೇಸರ ಎರಡೂ ಟೊಪ್ಪಿಗೆಯಂತೆ ಕಳಚಿ ಬಂದವು. ಬಿಳಿ ಕಡ್ಡಿ ನೆಟ್ಟಗೆ ನಿಂತಿತ್ತು, ಒಂದು ಕಣ ಹಳದಿ ಇಲ್ಲದೆ.

"ಬರೇ ಇಷ್ಟ ಏನ್ರೀ, ಅಕ್ಕಾರ?"

ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. "ಇಷ್ಟ," ಎಂದಳು ಕರೆವ್ವ. ಸುಜಾತಾ ಬುತ್ತಿಗಂಟು ಎತ್ತಿಕೊಂಡು ಬದುವಿನ ಮೇಲೆ ರಸ್ತೆಯ ಕಡೆ ನಡೆದಳು.

ಮೂರನೆಯ ಸಾಲಿನಲ್ಲಿ ಹೆಂಗಸರು ಮೊಗ್ಗು ಕಿತ್ತು ಒಗೆಯತೊಡಗಿದ್ದರು. ಕರೆವ್ವ ಕಾಲ ಬಳಿ ಬಿದ್ದ ಎಸಳುಗಳನ್ನು ನೋಡುತ್ತ ನಿಂತಳು. ನಾಲ್ಕೇ ಮೊಗ್ಗು. ಎಸ್ತೇರಳಿಗೆ ಅವಳು ಒಂದನ್ನೂ ಹಿಡಿದು ತೋರಿಸಿರಲಿಲ್ಲ.