ಧೂಳಿನ ಸಾಕ್ಷಿ

"ಮೊದಲು ಫಿಲ್ಟರ್ ತೆಗೀರಿ. ತೊಳೆಯೋಕೆ ಮುಂಚೆ ನನಗೆ ತೋರಿಸಿ," ಎಂದಳು ತಂಗಿ.

ಏಣಿ ಹತ್ತುತ್ತಿದ್ದ ಎಸಿ ಮೆಕ್ಯಾನಿಕ್ ಅವಳನ್ನು ವಿಚಿತ್ರವಾಗಿ ನೋಡಿದ. ಇಷ್ಟು ವರ್ಷದ ಕಸುಬಿನಲ್ಲಿ ಫಿಲ್ಟರಿನ ಕೊಳೆ ನೋಡಲು ಆಸೆಪಟ್ಟ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲ. ಬಾಗಿಲ ಬಳಿ ಅತ್ತಿಗೆ ಒರೆಸುವ ಬಟ್ಟೆಯನ್ನು ಸುಮ್ಮಸುಮ್ಮನೆ ಹಿಂಡುತ್ತ ನಿಂತಿದ್ದಳು. ಅವಳ ಹಿಂದೆ ಅಣ್ಣ, ಎಂದಿನಂತೆ ಬಾಯಿಗೆ ಬೀಗ ಹಾಕಿಕೊಂಡು.

"ಆ ರೂಮು ಈಗ ಯಾರೂ ಬಳಸಲ್ಲ, ಸರ್ವಿಸ್ ಯಾಕೆ, ಬಿಡು," ಎಂದು ಅತ್ತಿಗೆ ಬೆಳಗಿನಿಂದ ಮೂರು ಸಲ ಹೇಳಿದ್ದಳು.

"ವರ್ಷಕ್ಕೊಂದು ಸರ್ವಿಸ್ ಆಗ್ಲೇಬೇಕು ಅತ್ತಿಗೆ. ನಾನು ಕೊಡಿಸಿದ ಮೆಷಿನ್ನು, ನಾನೇ ಮಾಡಿಸ್ತೀನಿ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಎಂದು ತಂಗಿ ಮನಸ್ಸಿನಲ್ಲೇ ಅಂದುಕೊಂಡಳು.

ಸರ್ವಿಸ್ ಬರೀ ನೆವ. ಹೋದ ಬೇಸಿಗೆಯಲ್ಲಿ ಅಮ್ಮ ಇದೇ ಕೋಣೆಯಲ್ಲಿ, ಇದೇ ಎಸಿಯ ಕೆಳಗೆ ಸೆಕೆಯಿಂದ ಸತ್ತಿದ್ದಳು. ಡಾಕ್ಟರು ಹಾಗೆಂದೇ ಬರೆದುಕೊಟ್ಟಿದ್ದರು. ಎಸಿ ಇರುವ ಕೋಣೆಯಲ್ಲಿ ಮುದುಕಿ ಸೆಕೆಗೆ ಸಾಯುತ್ತಾಳೆಂದರೆ ಅದಕ್ಕೆ ಒಂದೇ ಅರ್ಥ. "ಹಗಲೂ ರಾತ್ರಿ ಹಾಕಿಟ್ಟಿದ್ದೆ," ಎಂಬ ಅತ್ತಿಗೆಯ ಮಾತನ್ನು ಅಣ್ಣ ನಂಬಿರಬಹುದು, ತಂಗಿ ನಂಬಿರಲಿಲ್ಲ. ಒಂದು ವರ್ಷದಿಂದ ಸಿಕ್ಕವರ ಮುಂದೆಲ್ಲ ಅತ್ತಿಗೆಯನ್ನು ಕೊಲೆಗಾತಿ ಎಂದೇ ಕರೆದಿದ್ದಳು. ಬಂಧುಬಳಗದ ಅರ್ಧ ಜನ ಈ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರು. ಉಳಿದ ಅರ್ಧ ಜನ ಸಾಕ್ಷಿ ಕೇಳಿದ್ದರು. ಆ ಸಾಕ್ಷಿ ಎಲ್ಲಿರುತ್ತದೆಂದು ಹೇಳಿಕೊಟ್ಟವನು ಅವಳ ಊರಿನಲ್ಲಿ ಅವಳ ಮನೆಯ ಎಸಿ ತೊಳೆಯುವ ಬೇರೊಬ್ಬ ಮೆಕ್ಯಾನಿಕ್. ಮೆಷಿನ್ನು ಎಷ್ಟು ಓಡಿದೆ ಅಂತ ಫಿಲ್ಟರಿನ ಧೂಳೇ ಹೇಳುತ್ತೆ ಮೇಡಂ, ಎಂದಿದ್ದ.

ಅಮ್ಮನಿಗೆಂದು ಈ ಎಸಿಯನ್ನು ಎಷ್ಟು ಆಸೆಯಿಂದ ಹಾಕಿಸಿದ್ದಳು! ರಜೆ ಹಾಕಿ ಬಂದು, ಕಿಟಕಿಯ ಬಳಿಯಿದ್ದ ಅಮ್ಮನ ಮಂಚವನ್ನು ಎಸಿಯ ಕೆಳಗೆ ಎಳೆದು, ತಂಪು ಸೋರಬಾರದೆಂದು ಕಿಟಕಿಯ ಸಂದುಗಳಿಗೆ ತಾನೇ ಟೇಪು ಅಂಟಿಸಿದ್ದಳು. ಐದು ಗಂಟೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಗಾಳಿ ಬಂದದ್ದೇ ತಡ, ಎಸಿ ಕೂರಿಸಲು ಬಂದವನನ್ನು "ಆಯ್ತಲ್ಲ, ನಡೀರಿ" ಎಂದು ಹೊರಡಿಸಿ ತಾನೂ ಓಡಿದ್ದಳು. ಆಮೇಲೆ ದಿನವೂ ಫೋನು. "ತಣ್ಣಗಿದೆ ಕಣೇ, ಹಾಯಾಗಿದೀನಿ," ಎನ್ನುತ್ತಿದ್ದಳು ಅಮ್ಮ. ಅತ್ತಿಗೆಯದು ಮಾತ್ರ ಬೇರೆ ರಾಗ. ತಂಪು ಸಾಲದು, ಯಾರಿಗಾದರೂ ತೋರಿಸೋಣವೇ, ಕಿಟಕಿಯಾದರೂ ತೆಗೆಯಲೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! "ಫಿಲ್ಟರ್ ತೊಳೀರಿ, ಸರಿಹೋಗುತ್ತೆ. ಬೇರೆಯವರು ಕೈ ಹಾಕಿದ್ರೆ ವಾರಂಟಿ ಹೋಗುತ್ತೆ," ಎಂದು ತಂಗಿ ಬಾಯಿ ಮುಚ್ಚಿಸಿದ್ದಳು. ಒಮ್ಮೆ ವಿಡಿಯೋ ಕರೆಯಲ್ಲಿ ಕಿಟಕಿ ತೆರೆದಿದ್ದು ಕಂಡು ಮನೆ ಹಾರಿಹೋಗುವಂತೆ ಕೂಗಾಡಿದ್ದಳು. ಮತ್ತೆ ಅದು ತೆರೆದದ್ದು ಕಾಣಲಿಲ್ಲ.

ಮೆಕ್ಯಾನಿಕ್ ಫಿಲ್ಟರ್ ಎಳೆದು ಬೆಳಕಿಗೆ ಹಿಡಿದ. ಜಾಲರಿ ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ತಂಗಿ ಬೆರಳಾಡಿಸಿದಳು. ಧೂಳಿನ ಹೆಸರೂ ಇಲ್ಲ.

"ನೋಡಿದ್ಯಾ ಅಣ್ಣ? ಓಡಿಸಿದ್ರೆ ತಾನೇ ಧೂಳು ಕೂರೋದು. ನಿನ್ನ ಹೆಂಡತಿ ನಮ್ಮಮ್ಮನ್ನ ಬೇಯಿಸಿ ಕೊಂದಳು."

ಅಣ್ಣ ಬಾಯಿ ತೆರೆದ. ಅತ್ತಿಗೆ ಅವನ ಮೊಣಕೈ ಹಿಡಿದಳು. ಅವನು ಬಾಯಿ ಮುಚ್ಚಿದ. ಹೆಂಡತಿ ಹಾಕಿದ ಗೆರೆ ದಾಟದವನು ಇನ್ನೇನು ತಾನೇ ಮಾಡಿಯಾನು.

"ಮೇಡಂ, ಸ್ವಲ್ಪ ತಡೀರಿ." ಮೆಕ್ಯಾನಿಕ್ ಟಾರ್ಚು ಬಿಟ್ಟು ಯಂತ್ರದ ಹೊಟ್ಟೆಯೊಳಗೆ ನೋಡುತ್ತಿದ್ದ. "ಒಳಗಿನ ಫ್ಯಾನ್ ನೋಡಿ, ಕರೀ ಮಸಿ ಹಿಡಿದಿದೆ. ಇದು ತಿಂಗಳುಗಟ್ಟಲೆ ಬಿಡದೆ ಓಡಿದೆ. ಫಿಲ್ಟರನ್ನ ಯಾರೋ ವಾರವಾರ ತೊಳೆದಿದಾರೆ, ಅಷ್ಟೇ."

ತಂಗಿ ರಿಮೋಟನ್ನು ಅವನ ಕೈಗೆ ತುರುಕಿದಳು. "ಓಡಿದ್ರೆ ನಮ್ಮಮ್ಮ ಯಾಕೆ ಸಾಯ್ತಿದ್ದಳು? ಹಾಕಿ ನೋಡಿ."

ಹಾಕಿದ. ಹದಿನೆಂಟು ಎಂಬ ಅಂಕೆ ಹೊಳೆಯಿತು, ಗಾಳಿಯೂ ಬಂತು. ಹತ್ತು ನಿಮಿಷ ಕಳೆದರೂ ಗಾಳಿ ಕೋಣೆಯಷ್ಟೇ ಬೆಚ್ಚಗಿತ್ತು. ಮೆಕ್ಯಾನಿಕ್ ಬಾಲ್ಕನಿಯಲ್ಲಿದ್ದ ಹೊರಗಿನ ಯೂನಿಟ್ಟಿನ ಕಡೆ ಹೊರಟ.

"ಅದನ್ನ ಬಿಚ್ಚಬೇಡಪ್ಪ. ಒರೆಸಿಟ್ಟು ಹೋಗು, ಸಾಕು." ಅತ್ತಿಗೆ ಬಾಲ್ಕನಿಯ ಬಾಗಿಲಿಗೆ ಅಡ್ಡ ಬಂದಳು.

"ಬಿಚ್ಚಿ," ಎಂದಳು ತಂಗಿ. ಹೋದ ಜೀವ ಮರಳಿದಂತಾಯಿತು ಅವಳಿಗೆ. ಅತ್ತಿಗೆ ಕೈಚಳಕ ಮಾಡಿರುವುದು ಇಲ್ಲೇ.

ಅವನು ಪೈಪಿನ ಬುಡದ ಮುಚ್ಚಳ ತೆಗೆದು, ಒಳಗೆ ಕೀ ತೂರಿಸಿ ನೋಡಿ, ಹಣೆ ಚಚ್ಚಿಕೊಂಡ. "ಕರ್ಮ. ತಂಪು ಕೊಡೋ ಗ್ಯಾಸಿನ ವಾಲ್ವೇ ತೆರೆದಿಲ್ಲ. ಹೊಸ ಮೆಷಿನ್ನು ಕೂರಿಸಿದ ಮೇಲೆ ಕೊನೇಲಿ ಇದನ್ನ ತೆರೀಬೇಕು. ಕೂರಿಸಿದವನು ಅವಸರದಲ್ಲಿ ಮರೆತು ಹೋಗಿದಾನೆ. ಇದು ಒಂದು ದಿನಾನೂ ತಂಪು ಕೊಟ್ಟಿಲ್ಲ ಮೇಡಂ, ರೂಮಿನ ಬಿಸಿಗಾಳೀನೇ ತಿರುಗಿಸಿದೆ. ಕಿಟಕಿಗೆ ಬೇರೆ ಟೇಪು ಬಡಿದಿದೀರಿ, ಗಾಳಿಯಾಡೋಕೂ ದಾರಿಯಿಲ್ಲ. ಯಾರು ಇದನ್ನ ನಿಂತು ಹಾಕಿಸಿದ್ದು?"

ತಂಗಿ ಬಾಲ್ಕನಿಯ ಕಂಬಿ ಹಿಡಿದುಕೊಂಡಳು. ಅಮ್ಮ ಸುಳ್ಳು ಹೇಳಿದ್ದಳು. ಮಗಳು ಕೊಡಿಸಿದ್ದಕ್ಕೆ ಕೊಂಕು ಬರಬಾರದೆಂದು ಆ ಕುಲುಮೆಯಲ್ಲಿ ಮಲಗಿ ದಿನವೂ ಹಾಯಾಗಿದೀನಿ ಎಂದಿದ್ದಳು.

"ನಾನೇ ಹಾಕಿಸಿದ್ದು," ಎಂದಳು ಅತ್ತಿಗೆ, ಮೆಕ್ಯಾನಿಕ್ಕಿನ ಮುಖ ನೋಡದೆ.

"ಸಾಕು ಮಾಡೇ," ಎಂದ ಅಣ್ಣ. ಹೆಂಡತಿಯ ಕೈ ಬಿಡಿಸಿಕೊಂಡು ತಂಗಿಯ ಕಡೆ ತಿರುಗಿದ.

"ಅಮ್ಮ ಹೋದ ಮಾರನೇ ವಾರವೇ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದಾಗ ನಮಗಿದು ಗೊತ್ತಾಯ್ತು, ನಿನಗೆ ತಿಳಿದ್ರೆ ನೀನು ಉಳಿಯಲ್ಲ ಅಂತ ನನ್ನ ಬಾಯಿ ಕಟ್ಟಿ, ವರ್ಷವೆಲ್ಲ ಕೊಲೆಗಾತಿ ಅನ್ನಿಸಿಕೊಂಡಳು ಇವಳು."