ಕಚ್ಚು ಹಾಕಿದ ಲೋಟ

“ಕೆಟ್ಟ ಕಾಯಿಲೆ ಅಲ್ಲ ಕಣಮ್ಮ,” ಎಂದರು ಡಾಕ್ಟರ್ ಶಾಂತಾದೇವಿ, ಕೈಲಿದ್ದ ಕಾಗದ ಮಡಿಸುತ್ತ. “ಎದೇಲಿ ಹಾಲಿನ ಗ್ರಂಥಿ ಇರುತ್ತಲ್ಲ, ಹೆಚ್ಚುಕಮ್ಮಿ ಅಂಥದೇ ಪುಟ್ಟ ಗ್ರಂಥಿ ಹೆಂಗಸರಿಗೆ ಕೆಳಗೂ ಇರುತ್ತೆ. ಅದು ಗಂಟು ಕಟ್ಟಿತ್ತು. ತೆಗೆದಾಯ್ತು, ಪರೀಕ್ಷೇನೂ ಆಯ್ತು. ಇನ್ನು ಭಯ ಇಲ್ಲ.”

ದೇವಿರಮ್ಮನ ಮುಖದಲ್ಲಿ ಗೆಲುವು ಕಾಣಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಕೊನೆಗೆ ಕೇಳಿದಳು: “ಅಂಗಾರೆ ಇದು... ನಮ್ಮ ಯಜಮಾನ್ರಿಂದ ಅಂಟಿದ್ದಲ್ವಾ ಅವ್ವಾ?”

“ಯಾರಿಂದಲೂ ಅಂಟೋದಲ್ಲ. ಯಾರು ಹೇಳಿದ್ದು ನಿಮಗೆ?”

ಯಾರೂ ಹೇಳಿರಲಿಲ್ಲ. ಹತ್ತು ವರ್ಷದ ಹಿಂದೆ, ಗಾಂಧಿ ಸತ್ತ ವರ್ಷ, ಸ್ನಾನ ಮಾಡುವಾಗ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಅದೇ ವಾರ ನಜರ್‌ಬಾದಿನ ಬೀದಿ ನಲ್ಲಿಯ ಹತ್ತಿರ ಪಕ್ಕದ ಮನೆ ಪಾರ್ವತಮ್ಮ ನಕ್ಕಿದ್ದಳು: “ಜಟಕಾ ಹೊಡೆಯೋರು ಎಲ್ಲೆಲ್ಲಿ ಇಳ್ದು ಬತ್ತಾರೋ, ಕುದ್ರೆಗೇ ಗೊತ್ತು ಬುಡು!” ಎರಡನ್ನೂ ದೇವಿರಮ್ಮ ತಾನೇ ಕೂಡಿಸಿಕೊಂಡಳು. ಅಂದೇ ಗಂಡ ಹುಚ್ಚಣ್ಣನ ಚಾಪೆ ಜಗಲಿಗೆ ಹೋಯಿತು. ಬಟ್ಟೆ ಬೇರೆ ಬಕೀಟಿಗೆ. ಗುರುತಿಗೆ ಅವನ ಹಿತ್ತಾಳೆ ಲೋಟದ ಅಂಚಿಗೆ ಅರದಿಂದ ಒಂದು ಕಚ್ಚು ಹಾಕಿ ಬೇರೆ ಗೂಡಿನಲ್ಲಿಟ್ಟಳು. ಹುಚ್ಚಣ್ಣ ಯಾಕೆಂದು ಒಮ್ಮೆಯೂ ಕೇಳಲಿಲ್ಲ. ಕೇಳದ್ದನ್ನೇ ಅವಳು ಒಪ್ಪಿಗೆ ಎಂದುಕೊಂಡಳು. ಆಮೇಲಾಮೇಲೆ ಅವನು ದಿನಕ್ಕೆರಡು ಸಲ ಸೀಗೆಪುಡಿ ಹಾಕಿ ಮೈ ತಿಕ್ಕಿಕೊಳ್ಳತೊಡಗಿದ. ಮಾಡಿದ ಪಾಪ ತೊಳ್ಕೋತಾನೆ, ತೊಳ್ಕೊಳ್ಳಲಿ ಎಂದುಕೊಂಡಳು.

ಹೋದ ತಿಂಗಳು ಅವಳ ಸೀರೆಯಲ್ಲಿ ರಕ್ತ ಕಂಡು, ಬೇಡ ಬೇಡವೆಂದರೂ ಗಾಡಿ ಹತ್ತಿಸಿ ಆಸ್ಪತ್ರೆಗೆ ಕರೆತಂದವನೂ ಅವನೇ.

ಹೊರಗೆ ಬೇವಿನ ಮರದ ಕೆಳಗೆ ಜಟಕಾ ನಿಂತಿತ್ತು. ಹುಚ್ಚಣ್ಣ ಎದ್ದು ಬಂದ, ಬಂದರೂ ಎಂದಿನಂತೆ ಒಂದು ಮಾರು ದೂರದಲ್ಲೇ ನಿಂತ.

“ಏನಂದ್ರು?”

“ಏನೂ ಇಲ್ವಂತೆ.”

“ಬದುಕ್ದೆ ಕಣೆ!” ಎಂದವನು ಮುಖ ಆಚೆ ತಿರುಗಿಸಿ ಟವಲ್ಲಿನಿಂದ ಕಣ್ಣೊರೆಸಿಕೊಂಡ. ತಂಬಿಗೆಯಿಂದ ಅವಳ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟ. ತನಗೆಂದು ಸೀಟಿನ ಕೆಳಗಿನಿಂದ ಕಚ್ಚಿನ ಲೋಟ ತೆಗೆದ.

ದೇವಿರಮ್ಮ ತನ್ನದನ್ನು ಕೆಳಗಿಟ್ಟು ಆ ಲೋಟಕ್ಕೆ ಕೈ ಚಾಚಿದಳು.

ಅವನು ಗಾಬರಿಯಿಂದ ಅದನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ.

“ಇದ್ರಲ್ಲಿ ಬ್ಯಾಡ ಕಣೆ. ಕುದ್ರೆ ನಾತ ಹೊಡೀತದೆ, ನಿಂಗೆ ಆಗಕ್ಕಿಲ್ಲ.”