ಹೊಸ ಪಂಪಿಗೆ ಆರತಿ

ಅಮ್ಮ ಜಗದಾಂಬಾ ಉರಿಯುವ ಕರ್ಪೂರದ ತಟ್ಟೆಯನ್ನು ಫಿಯೆಟ್ಟಿನ ತೆರೆದ ಬಾನೆಟ್ಟಿನತ್ತ ಎತ್ತಿದ್ದೇ ತಡ, ಮಗ ಮಲ್ಲಿಕ್ ಹಾರಿ ಬಂದು ಊದಿ ಆರಿಸಿಬಿಟ್ಟ.

"ಅಯ್ಯೋ, ಬಸುರಿ ಹೆಂಡ್ತಿ ಕಾರಲ್ಲಿ ಕೂತಿರುವಾಗ ಆರತಿ ಆರಿಸ್ತೀಯೇನೋ!"

ಅವನು ಬಾನೆಟ್ಟಿನೊಳಗೆ ಬೆರಳು ತೋರಿಸಿದ. ಬೆಳಿಗ್ಗೆ ತಾನೇ ಕೂರಿಸಿದ್ದ ಎಲೆಕ್ಟ್ರಿಕ್ ಫ್ಯೂಯೆಲ್ ಪಂಪಿನ ಪೈಪಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಈ ಪಂಪಿನ ಜೋರಿಗೆ ಹಳೇ ಪೈಪು ತಡೆಯೋದಿಲ್ಲ ಎಂದು ಶಿವಮೊಗ್ಗದ ಅಂಗಡಿಯವನು ಬಡಕೊಂಡಿದ್ದ. "ನಡೆಯುತ್ತೆ ಬಿಡಿ ಮಾರಾಯ್ರೆ" ಎಂದು ಇವನು ಎದ್ದು ಬಂದಿದ್ದ.

"ಹೊರಡೋಣ್ವಾ?" ಹಿಂದಿನ ಸೀಟಿನಿಂದ ಶೀತಲ್ ಕೂಗಿದಳು.

"ಕ್ಲಿಪ್ ಬಿಗಿ ಮಾಡಿದ್ರೆ ಸರಿಹೋಗುತ್ತಮ್ಮ," ಎಂದ ಮಲ್ಲಿಕ್. ಆ ಮಾತನ್ನು ಅವನೇ ನಂಬಲಿಲ್ಲ.

ಅಮ್ಮ ಆರಿದ ತಟ್ಟೆಯನ್ನು ನೆಲಕ್ಕಿಟ್ಟು ಬಗ್ಗಿ, ಚಕ್ರಗಳಡಿ ತಾನೇ ಇಟ್ಟಿದ್ದ ನಿಂಬೆಹಣ್ಣುಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು.